ಅಳಿಸಿಹೋದ ಪಾಲು, ಉಳಿದುಬಂದ ದನಿ

ಪಾರ್ಟಿಶನ್ ಅಂದರೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಆಸ್ತಿ ಪಾಲು. ಅಣ್ಣತಮ್ಮಂದಿರು ಕೂತು, ನಾಲ್ಕು ಜನ ಹಿರಿಯರನ್ನು ಕರೆಸಿ, ಛಾಪಾ ಕಾಗದಕ್ಕೆ ಸಹಿ ಹಾಕಿ ಮುಗಿಸುವ ವಿಷಯ ಅದು. ಒಂದು ಪಾಲುಪಟ್ಟಿ ಆಗಬೇಕಾದರೆ ವರ್ಷಗಟ್ಟಲೆ ಓಡಾಡಬೇಕು. ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿಯೂ ಪಾರ್ಟಿಶನ್ ಉಂಟು. ಅದನ್ನು ಮಾಡಲಿಕ್ಕೂ ಅರ್ಧ ನಿಮಿಷ ಸಾಕು, ಅಳಿಸಲಿಕ್ಕೂ ಅರ್ಧ ನಿಮಿಷ ಸಾಕು. ಈ ಎರಡನೆಯ ಸಂಗತಿ ನಮಗೆ ಗೊತ್ತಾದದ್ದು ನಮ್ಮ ಮನೆಯ ಪಾಲು ಅಳಿಸಿಹೋದ ಮೇಲೆಯೇ.

ನಾವಿರುವುದು ಕೋಲಾರ ತಾಲೂಕಿನ ಹೋಳೂರಿನಲ್ಲಿ. ಕರಾವಳಿಯಿಂದ ಘಟ್ಟ ಹತ್ತಿ, ಬೆಂಗಳೂರು ದಾಟಿ, ಕೆರೆ ಮತ್ತು ಟೊಮೆಟೊ ತೋಟಗಳ ಈ ಸೀಮೆಗೆ ವ್ಯಾಪಾರಕ್ಕೆಂದು ಬಂದ ಮನೆ ನಮ್ಮದು. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಕನ್ನಡ, ಸಂತೆಯಲ್ಲಿ ತೆಲುಗು, ಇಲ್ಲಿನ ಮುಸ್ಲಿಮರ ಜೊತೆ ಉರ್ದು. ಬ್ಯಾರಿ ಭಾಷೆ ಉಳಿದಿರುವುದು ಮನೆಯ ಹೊಸಿಲಿನ ಒಳಗೆ ಮಾತ್ರ. ಮಕ್ಕಳು ಶಾಲೆಯಿಂದ ಬಂದು ನಾಲ್ಕು ಮಾತಿನಲ್ಲಿ ಮೂರನ್ನು ಕನ್ನಡದಲ್ಲಿಯೋ ಉರ್ದುವಿನಲ್ಲಿಯೋ ಆಡ್ತಾರೆ. ಹಾಗಾಗಿ ಅಜ್ಜಿ, ಅಂದರೆ ಉಮ್ಮನ ಉಮ್ಮ, ಊರಿನಿಂದ ಬಂದು ನಮ್ಮಲ್ಲಿ ಉಳಿದಿದ್ದಾಗಲೆಲ್ಲ ಅವರ ಮಾತನ್ನು ಮೊಬೈಲಿನಲ್ಲಿ ಹಿಡಿದಿಡುತ್ತಿದ್ದೆವು. ಪತ್ತಿರ್ ಹೇಗೆ ತಟ್ಟಬೇಕು, ಪಿಂಡಿಗೆ ಅಕ್ಕಿ ಎಷ್ಟು ರುಬ್ಬಬೇಕು, ಯಾರ ಮಗಳನ್ನು ಯಾವ ಊರಿಗೆ ಕೊಟ್ಟದ್ದು, ದೋಣಿ ಮಗುಚಿದ ವರ್ಷ ಯಾರ ಮನೆಯಲ್ಲಿ ಏನಾಯಿತು, ಎಲ್ಲ ಅದರಲ್ಲಿತ್ತು. ಅಜ್ಜಿ ತೀರಿಹೋದ ಮೇಲೆ ಅವೆಲ್ಲವನ್ನೂ ಹಳೇ ಮೊಬೈಲುಗಳಿಂದ ತೆಗೆದು ಒಂದೇ ಕಡೆ ಇಟ್ಟೆವು. 500 ಜಿಬಿಯ ಒಂದು ಹಾರ್ಡ್ ಡಿಸ್ಕ್. ಅದರಲ್ಲಿ ಎರಡು ಪಾಲು. ಒಂದರಲ್ಲಿ ಅಂಗಡಿ ಲೆಕ್ಕ, ಇನ್ನೊಂದರಲ್ಲಿ ಮನೆ.

ಒಂದೇ ಕಡೆ ಇಟ್ಟದ್ದೇ ತಪ್ಪು. ಆಗ ಅದು ಬುದ್ಧಿವಂತಿಕೆ ಅಂತ ಅನಿಸಿತ್ತು.

ಆ ದಿನ ಆದದ್ದು

ಅಂಗಡಿಯ ಕಂಪ್ಯೂಟರ್ ನಿಧಾನವಾಗಿತ್ತು. ತಮ್ಮ ಅದಕ್ಕೆ ಹೊಸದಾಗಿ ವಿಂಡೋಸ್ ಹಾಕಲು ಕೂತ. ಲೆಕ್ಕದ ಫೈಲುಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಕೊಂಡದ್ದು ಸರಿಯೇ. ಆದರೆ ಕಾಪಿ ಮುಗಿದ ಮೇಲೆ ಅದರ ವಯರನ್ನು ಕೀಳಲಿಲ್ಲ. ವಿಂಡೋಸ್ ಹಾಕುವಾಗ ಡಿಸ್ಕುಗಳ ಪಟ್ಟಿಯೊಂದು ಬರುತ್ತದೆ. ಅಲ್ಲಿ ಮನೆ, ಅಂಗಡಿ ಎಂಬ ಭೇದ ಇರುವುದಿಲ್ಲ. ‘ಡ್ರೈವ್ 0’, ‘ಡ್ರೈವ್ 1’ ಎಂಬ ಅಂಕಿ, ಪಕ್ಕದಲ್ಲಿ ಅಳತೆ, ಅಷ್ಟೇ. ಒಳಗಿನದ್ದೂ 500 ಜಿಬಿ, ಹೊರಗಿನದ್ದೂ 500 ಜಿಬಿ. ಹುಡುಗ ತಪ್ಪು ಸಾಲನ್ನು ಹಿಡಿದ. ‘ಡಿಲೀಟ್’ ಒತ್ತಿದ. ಎಚ್ಚರಿಕೆಯ ಮಾತು ಬಂತು, ಎಲ್ಲರೂ ಮಾಡುವ ಹಾಗೆ ಓದದೆ ‘ಓಕೆ’ ಅಂದ. ಖಾಲಿ ಜಾಗ ಕಾಣಿಸಿತು. ‘ನ್ಯೂ’ ಒತ್ತಿದ, ‘ಫಾರ್ಮಾಟ್’ ಒತ್ತಿದ. ಈ ಡಿಸ್ಕಿಗೆ ವಿಂಡೋಸ್ ಹಾಕಲಾಗದು ಎಂದು ಕಂಪ್ಯೂಟರೇ ಹೇಳಿದಾಗ ಇನ್ನೊಂದು ಸಾಲನ್ನು ಹಿಡಿದು ಕೆಲಸ ಮುಗಿಸಿದ. ಏನಾಯಿತು ಎಂದು ಅವನಿಗೂ ಗೊತ್ತಾಗಲಿಲ್ಲ.

ಮರುದಿನ ಹಾರ್ಡ್ ಡಿಸ್ಕ್ ಹಾಕಿ ನೋಡಿದರೆ ಒಂದು ಪಾಲು ಖಾಲಿ. ಜಾಗ ಉಂಟಲ್ಲ ಎಂದು ಸ್ನೇಹಿತ ಕೊಟ್ಟ ಸಿನಿಮಾವೊಂದನ್ನು ಅದಕ್ಕೇ ತುಂಬಿಸಿ ಟಿವಿಗೆ ಚುಚ್ಚಿದ. ಸಿನಿಮಾ 1.4 ಜಿಬಿ.

ಎರಡು ದಿನ ಬಿಟ್ಟು ಉಮ್ಮ ಕೇಳಿದರು, “ಅಜ್ಜಿ ಪತ್ತಿರ್ ಬಗ್ಗೆ ಹೇಳಿದ್ದು ಉಂಟಲ್ಲ, ಅದನ್ನೊಮ್ಮೆ ಹಾಕು. ಹಿಟ್ಟಿನ ಲೆಕ್ಕ ಮರೆತುಹೋಗಿದೆ.”

ತಮ್ಮ ಹುಡುಕಿದ. ಸಿನಿಮಾ ಬಿಟ್ಟರೆ ಬೇರೇನೂ ಇಲ್ಲ. ಅವನ ಮುಖ ನೋಡಿಯೇ ನಮಗೆಲ್ಲ ಅರ್ಥವಾಯಿತು.

ಪಹಣಿ ಹರಿದರೆ ಹೊಲ ಹೋಗುವುದಿಲ್ಲ

ಅಂಗಡಿಗೆ ಚಾ ಕುಡಿಯಲು ಬರುವ ಹಿರಿಯರೊಬ್ಬರು ಹಿಂದೆ ಕಂದಾಯದ ಕೆಲಸದಲ್ಲಿದ್ದವರು. ನಮ್ಮ ಗೋಳು ಕೇಳಿ ಅವರು ಅಂದದ್ದು ಇಷ್ಟೇ: “ಪಹಣಿಯಾಗೆ ಹೆಸರು ಹೊಡೆದಾಕಿದ್ರೆ ಹೊಲ ಎಲ್ಲೋಗ್ತೈತೆ ಸಾಬ್ರೇ? ಹೊಲ ಅಲ್ಲೇ ಇರ್ತೈತೆ. ಬಾಂದುಕಲ್ಲು ಹುಡುಕ್ರಿ.”

ಕಂಪ್ಯೂಟರ್ ಗೊತ್ತಿಲ್ಲದ ಅವರು ಹೇಳಿದ ಮಾತು ಕಂಪ್ಯೂಟರಿಗೆ ಸರಿಯಾಗಿ ಹೊಂದುತ್ತದೆ. ಹಾರ್ಡ್ ಡಿಸ್ಕಿನ ಮೊತ್ತಮೊದಲ ತುಂಡನ್ನು ಮೊದಲ ಸೆಕ್ಟರ್ ಅನ್ನುತ್ತಾರೆ. ಅದು ಬರೀ 512 ಬೈಟ್. ಅದರೊಳಗೆ 64 ಬೈಟಿನ ಒಂದು ಪಟ್ಟಿ. ಪಾಲು ಎಲ್ಲಿಂದ ಶುರು, ಎಷ್ಟು ಉದ್ದ ಎನ್ನುವುದು ಈ ಪಟ್ಟಿಯಲ್ಲಿರುತ್ತದೆ. ಒಂದೊಂದು ಪಾಲಿಗೆ 16 ಬೈಟ್, ಒಟ್ಟು ನಾಲ್ಕು ಪಾಲಿಗೆ ಜಾಗ. 1983ರಲ್ಲಿ ಐಬಿಎಂ ಪಿಸಿಗಳಿಗೆ ಹಾರ್ಡ್ ಡಿಸ್ಕ್ ಬಂದ ಕಾಲದ ಪದ್ಧತಿ ಇದು, ಎಂಬಿಆರ್ ಅಂತ ಹೆಸರು. ನೂರಾರು ಜಿಬಿಯ ಮನೆಗೆ ಹದಿನಾರು ಬೈಟಿನ ಪಹಣಿ! ‘ಡಿಲೀಟ್ ಪಾರ್ಟಿಶನ್’ ಒತ್ತಿದಾಗ ಅಳಿಯುವುದು ಈ ಹದಿನಾರು ಬೈಟು. ಒಳಗಿನ ಫೋಟೋ, ಮಾತು, ಲೆಕ್ಕ ಯಾವುದನ್ನೂ ಯಾರೂ ಮುಟ್ಟಿರುವುದಿಲ್ಲ.

ಈಗಿನ ದೊಡ್ಡ ಡಿಸ್ಕುಗಳಲ್ಲಿ ಜಿಪಿಟಿ ಎಂಬ ಹೊಸ ಪದ್ಧತಿ. ಅದರಲ್ಲಿ ಪಟ್ಟಿಯ ಒಂದು ಪ್ರತಿ ಡಿಸ್ಕಿನ ತಲೆಯಲ್ಲಿ, ಇನ್ನೊಂದು ಪ್ರತಿ ಬಾಲದಲ್ಲಿ ಇರುತ್ತದೆ. ಪಾಲಿನ ಒಳಗೂ ಇಂಥದ್ದೇ ವ್ಯವಸ್ಥೆ. ವಿಂಡೋಸಿನ ಎನ್‌ಟಿಎಫ್‌ಎಸ್ ಪಾಲಿನ ಮೊದಲ ಸೆಕ್ಟರಿನ ನಕಲು ಅದರ ಕೊನೆಯ ಸೆಕ್ಟರಿನಲ್ಲಿ ಉಂಟು. ಇವೇ ಬಾಂದುಕಲ್ಲುಗಳು. ಪಟ್ಟಿ ಹೋದರೂ ಕಲ್ಲು ಹುಡುಕಿ ಮತ್ತೆ ಗಡಿ ಗುರುತಿಸಬಹುದು.

ಆ ಕೆಲಸಕ್ಕೆ ‘ಟೆಸ್ಟ್‌ಡಿಸ್ಕ್’ ಎಂಬ ಉಚಿತ ತಂತ್ರಾಂಶ ಇದೆ. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯರ್ ಬರೆದದ್ದು. ಬಣ್ಣದ ಗುಂಡಿಗಳಿಲ್ಲ, ಕಪ್ಪು ಪರದೆ, ಬಾಣದ ಕೀಲಿಗಳಿಂದಲೇ ಓಡಾಟ. ಡಿಸ್ಕ್ ಆರಿಸಿ, ‘ಅನಲೈಸ್’ ಒತ್ತಿ, ‘ಕ್ವಿಕ್ ಸರ್ಚ್’ ಕೊಟ್ಟರೆ ಕಳೆದ ಪಾಲಿನ ಗಡಿಯನ್ನು ಹುಡುಕಿ ತೋರಿಸುತ್ತದೆ. ಸಿಗದಿದ್ದರೆ ‘ಡೀಪರ್ ಸರ್ಚ್’. ಸಿಕ್ಕಿದ ಪಾಲಿನ ಮೇಲೆ ನಿಂತು ‘ಪಿ’ ಒತ್ತಿದರೆ ಒಳಗಿನ ಫೈಲುಗಳ ಹೆಸರು ಕಾಣುತ್ತದೆ. ಹೆಸರು ಸರಿಯಾಗಿ ಕಂಡರೆ ಮೊದಲು ಬೇಕಾದದ್ದನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಬೇಕು. ಆಮೇಲೆ ಬೇಕಿದ್ದರೆ ‘ರೈಟ್’ ಕೊಟ್ಟು ಹಳೇ ಪಟ್ಟಿಯನ್ನು ಮತ್ತೆ ಬರೆಸಬಹುದು. ತಮ್ಮ ‘ಡಿಲೀಟ್’ ಒತ್ತಿದಲ್ಲಿಗೇ ನಿಲ್ಲಿಸಿದ್ದರೆ ನಮ್ಮ ಕತೆಯೂ ಅಲ್ಲಿಗೇ ಮುಗಿಯುತ್ತಿತ್ತು, ಈ ಬರಹವೂ ಇರುತ್ತಿರಲಿಲ್ಲ.

ಆದರೆ ಅವನು ಅದರ ಮೇಲೆ ಹೊಸ ಪಾಲು ಮಾಡಿ ಫಾರ್ಮಾಟ್ ಒತ್ತಿದ್ದ. ಅಳತೆಯೂ ಅದೇ, ಜಾಗವೂ ಅದೇ. ಹಳೇ ಬಾಂದುಕಲ್ಲುಗಳನ್ನು ಕಿತ್ತು ಅದೇ ಗುಂಡಿಗಳಲ್ಲಿ ಹೊಸ ಕಲ್ಲು ನೆಟ್ಟ ಹಾಗೆ. ಫೈಲುಗಳ ಹೆಸರು, ಜಾಗ ಬರೆದಿಡುವ ಮಾಸ್ಟರ್ ಫೈಲ್ ಟೇಬಲ್ ಎಂಬ ದೊಡ್ಡ ಪಟ್ಟಿಯ ತಲೆಯ ಮೇಲೂ ಹೊಸ ಪಟ್ಟಿ ಬಂದು ಕೂತಿತ್ತು. ಟೆಸ್ಟ್‌ಡಿಸ್ಕಿಗೆ ಕಂಡದ್ದು ಹೊಸ ಪಾಲು ಮತ್ತು ಆ ಸಿನಿಮಾ ಮಾತ್ರ.

ಅದೊಂದು ಸಿನಿಮಾ

ಫಾರ್ಮಾಟಿನಲ್ಲಿಯೂ ಎರಡು ಬಗೆ ಉಂಟು. ‘ಕ್ವಿಕ್ ಫಾರ್ಮಾಟ್’ ಆದರೆ ಪಟ್ಟಿಯನ್ನು ಮಾತ್ರ ಹೊಸದು ಮಾಡುತ್ತದೆ, ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಪೂರ್ತಿ ಫಾರ್ಮಾಟ್ ಆದರೆ, ವಿಂಡೋಸ್ ವಿಸ್ಟಾದಿಂದ ಈಚೆಗೆ, ಇಡೀ ಪಾಲಿನ ಮೇಲೆ ಸೊನ್ನೆ ಬರೆದುಬಿಡುತ್ತದೆ. ಗಂಟೆಗಟ್ಟಲೆ ಹಿಡಿಯುತ್ತದೆ, ಮತ್ತೆ ಏನೂ ಸಿಗುವುದಿಲ್ಲ. ನಮ್ಮದು ಸೆಕೆಂಡಿನಲ್ಲಿ ಮುಗಿದದ್ದು, ಹಾಗಾಗಿ ಆಸೆ ಇತ್ತು.

ಸಿನಿಮಾದ ವಿಷಯ ಬೇರೆ. ಹಳೇ ಬರಹದ ಮೇಲೆ ಹೊಸ ಬರಹ ಬಿದ್ದರೆ ಅದು ಹೋಯಿತು, ಅಷ್ಟೇ. ಈ ಪಾಠ ಅಮೆರಿಕದ ನಾಸಾಕ್ಕೂ ಆಗಿದೆ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ದೃಶ್ಯದ ಮೂಲ ಟೇಪುಗಳನ್ನು ಹುಡುಕಿ ಹುಡುಕಿ, ಅವುಗಳ ಮೇಲೆ ಬೇರೆ ಏನನ್ನೋ ಮುದ್ರಿಸಿ ಮತ್ತೆ ಬಳಸಿಬಿಟ್ಟಿರಬೇಕು ಎಂದು 2009ರಲ್ಲಿ ಆ ಸಂಸ್ಥೆಯೇ ಒಪ್ಪಿಕೊಂಡಿತು. ಉಳಿದದ್ದು ಟಿವಿ ಕಂಪೆನಿಗಳ ಬಳಿ ಇದ್ದ ಪ್ರತಿಗಳು.

ನಮ್ಮ ಲೆಕ್ಕವನ್ನೂ ಮಾಡಿ ನೋಡಿದೆವು. ಅಜ್ಜಿಯ ಮಾತು ಹಳೇ ಮೊಬೈಲಿನ ಎಎಂಆರ್ ರೂಪದಲ್ಲಿತ್ತು. ಅದರಲ್ಲಿ ಒಂದು ನಿಮಿಷದ ಮಾತಿಗೆ ಹೆಚ್ಚೆಂದರೆ 95 ಕೆಬಿಯ ಆಸುಪಾಸು ಜಾಗ ಸಾಕು. 1.4 ಜಿಬಿಯ ಒಂದು ಸಿನಿಮಾ ಹಿಡಿಯುವ ಜಾಗದಲ್ಲಿ ಅಂಥ ಮಾತು 240 ಗಂಟೆಯಷ್ಟು ಹಿಡಿಸುತ್ತದೆ. ಆ ಸಿನಿಮಾ ಯಾವುದರ ಮೇಲೆ ಕೂತಿದೆಯೋ ಯಾರಿಗೆ ಗೊತ್ತು? ಆ ರಾತ್ರಿ ತಮ್ಮ ಊಟ ಮಾಡಲಿಲ್ಲ.

ಉಪ್ಪ ಎರಡು ಮಾತು ಗಟ್ಟಿಯಾಗಿ ಆಡಿದರು. ಉಮ್ಮ ತಡೆದರು. “ಹೋದದ್ದಕ್ಕೆ ಅವನನ್ನು ಬೈದರೆ ಉಳಿದದ್ದನ್ನು ಹುಡುಕುವವರು ಯಾರು?” ಅಂದರು. ಹುಡುಕಬೇಕಾದವನು ಅವನೇ ತಾನೆ.

ದಮಾಮಿನಿಂದ ಬಂದ ಬುದ್ಧಿವಾದ

ಪೇಟೆಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಡಿಸ್ಕ್ ಬಿಟ್ಟುಹೋಗಿ, ಇನ್ನೊಮ್ಮೆ ಫಾರ್ಮಾಟ್ ಮಾಡಿ ನೋಡ್ತೇವೆ ಅಂದರು. ಅದು ಸರಿ ಕಾಣಲಿಲ್ಲ. ಮನೆಯ ಹೆಣ್ಣುಮಕ್ಕಳ, ಮದುವೆಯ ಫೋಟೋಗಳೆಲ್ಲ ಇರುವ ಡಿಸ್ಕನ್ನು ಬಿಟ್ಟುಬರಲಿಕ್ಕೂ ಮನಸ್ಸಾಗಲಿಲ್ಲ. ದಮಾಮಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮಾಮನ ಮಗನಿಗೆ ಫೋನ್ ಮಾಡಿದೆವು.

“ಎಂತ ಮಾಡಿದ್ದೀರಿ ಅಂತ ಆಮೇಲೆ ಹೇಳಿ ಮಾರ್ರೆ. ಮೊದಲು ವಯರ್ ತೆಗೀರಿ,” ಅಂದ ಅವನು. “ಇನ್ನು ಅದಕ್ಕೆ ಒಂದಕ್ಷರ ಬರೆಯಬಾರದು. ಆ ಸಿನಿಮಾವನ್ನು ಅಳಿಸಲಿಕ್ಕೂ ಹೋಗಬೇಡಿ. ಚೆಕ್‌ಡಿಸ್ಕ್ ಓಡಿಸಬೇಡಿ. ರಿಪೇರಿ ಸಾಫ್ಟ್‌ವೇರನ್ನು ಅದೇ ಡಿಸ್ಕಿಗೆ ಇಳಿಸಬೇಡಿ. ಒಂದು ಹೊಸ ಡಿಸ್ಕ್ ತನ್ನಿ, ಆಮೇಲೆ ಮಾತಾಡುವ.”

ಕೋಲಾರಕ್ಕೆ ಹೋಗಿ 1 ಟಿಬಿಯ ಹೊಸ ಡಿಸ್ಕ್ ತಂದೆವು. ಅವನು ಮೊದಲು ಮಾಡಿಸಿದ್ದು ಹಳೇ ಡಿಸ್ಕಿನ ಪೂರ್ತಿ ನಕಲು. ಫೈಲುಗಳ ನಕಲಲ್ಲ, ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಇದ್ದದ್ದು ಇದ್ದ ಹಾಗೆ ಎತ್ತಿಕೊಳ್ಳುವ ಇಮೇಜ್. ಅದಕ್ಕೆ ‘ಡಿಡಿರೆಸ್ಕ್ಯೂ’ ಎಂಬ ಇನ್ನೊಂದು ಉಚಿತ ತಂತ್ರಾಂಶ. ಎಲ್ಲಿಯಾದರೂ ಡಿಸ್ಕ್ ಓದಲಾಗದೆ ತಡೆದರೆ ಅದನ್ನು ಗುರುತಿಟ್ಟು ಮುಂದೆ ಹೋಗುತ್ತದೆ, ನಡುವೆ ಕರೆಂಟ್ ಹೋದರೆ ನಿಂತಲ್ಲಿಂದ ಮತ್ತೆ ಶುರು ಮಾಡುತ್ತದೆ. ನಮ್ಮ ಹಳೇ ಲ್ಯಾಪ್‌ಟಾಪಿನ ಯುಎಸ್‌ಬಿ 2.0 ಕಿಂಡಿಯಲ್ಲಿ ಸೆಕೆಂಡಿಗೆ ಸುಮಾರು 30 ಎಂಬಿ ಓಡುವುದು. 500 ಜಿಬಿ ಎತ್ತಲು ನಾಲ್ಕೂವರೆ ಗಂಟೆಯ ಮೇಲೆಯೇ ಬೇಕಾಯಿತು. ಮುಗಿದ ಕೂಡಲೇ ಹಳೇ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿಗೆ ಸೇರಿಸಿದೆವು. ಇನ್ನು ಏನೇ ತಪ್ಪು ಮಾಡಿದರೂ ನಕಲಿನ ಮೇಲೆ. ಈ ಒಂದು ಹೆಜ್ಜೆಯಿಂದ ಮನೆಯಲ್ಲಿ ಅರ್ಧ ಜೀವ ವಾಪಸು ಬಂತು.

ಹೆಸರಿಲ್ಲದೆ ಬಂದ ಫೈಲುಗಳು

ಪಟ್ಟಿಯೂ ಇಲ್ಲ, ಗಡಿಯೂ ಇಲ್ಲ ಎಂದಾದಾಗ ಉಳಿಯುವುದು ಮಣ್ಣು ಜರಡಿ ಹಿಡಿಯುವ ಕೆಲಸ. ನಮ್ಮ ಜಿಲ್ಲೆಯ ಕೆಜಿಎಫ್‌ನಲ್ಲಿ ಚಿನ್ನದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಚಿನ್ನ ತೆಗೆದು ಬಿಸಾಡಿದ ಮಣ್ಣಿನ ಸೈನೈಡ್ ದಿಬ್ಬಗಳು ಮಾತ್ರ ಅಲ್ಲೇ ಇವೆ. ಅವುಗಳಲ್ಲಿ ಇನ್ನೂ ಚಿನ್ನದ ಅಂಶ ಉಂಟೆಂದು ಇವತ್ತಿಗೂ ಲೆಕ್ಕ ಹಾಕುತ್ತಿದ್ದಾರೆ. ಟೆಸ್ಟ್‌ಡಿಸ್ಕಿನ ಜೊತೆಗೇ ಬರುವ ‘ಫೋಟೋರೆಕ್’ ಮಾಡುವುದು ಅಂಥ ಕೆಲಸ. ಹೆಸರು ನೋಡಿ ಫೋಟೋಗೆ ಮಾತ್ರ ಅಂದುಕೊಳ್ಳಬೇಡಿ. ಧ್ವನಿ, ವಿಡಿಯೋ, ಪಿಡಿಎಫ್, ನೂರಾರು ಬಗೆಯ ಫೈಲುಗಳನ್ನು ಅದು ಹುಡುಕುತ್ತದೆ.

ಪ್ರತಿಯೊಂದು ಬಗೆಯ ಫೈಲಿಗೂ ಹಣೆಯ ಮೇಲೊಂದು ಗುರುತು ಉಂಟು. ಜೆಪೆಗ್ ಫೋಟೋ ಶುರುವಾಗುವುದು ಯಾವಾಗಲೂ ‘ಎಫ್‌ಎಫ್, ಡಿ8’ ಎಂಬ ಎರಡು ಬೈಟಿನಿಂದ. ಎಎಂಆರ್ ಧ್ವನಿಯ ಮೊದಲಲ್ಲಿ ‘ಎಎಂಆರ್’ ಎಂದೇ ಬರೆದಿರುತ್ತದೆ. ಫೋಟೋರೆಕ್ ಡಿಸ್ಕನ್ನು ತುದಿಯಿಂದ ತುದಿಗೆ ಓದುತ್ತಾ, ಇಂಥ ಗುರುತು ಕಂಡಲ್ಲಿ ಫೈಲನ್ನು ಕಡಿದು ತೆಗೆದು ಬೇರೆ ಡಿಸ್ಕಿನಲ್ಲಿ ಇಡುತ್ತದೆ. ಫಾರ್ಮಾಟ್ ಆದ ಪಾಲಾದ್ದರಿಂದ ‘ಹೋಲ್’ ಎಂಬುದನ್ನು, ಅಂದರೆ ಪೂರ್ತಿ ಪಾಲನ್ನು, ಹುಡುಕಲು ಹೇಳಬೇಕು. ‘ಫೈಲ್ ಆಪ್ಟ್’ ಎಂಬಲ್ಲಿ ಬೇಕಾದ ಬಗೆಗಳನ್ನು ಮಾತ್ರ ಆರಿಸಿದರೆ ಕಸ ಕಡಿಮೆ.

ಅದರ ಕೊರತೆ ಎಂದರೆ ಹೆಸರು ಸಿಗುವುದಿಲ್ಲ. ಫೋಲ್ಡರೂ ಇಲ್ಲ. ‘ರೆಕಪ್ ಡಿರ್’ ಎಂಬ ಹೆಸರಿಗೆ 1, 2, 3 ಎಂದು ಅಂಕಿ ಹತ್ತಿಸಿ, ಒಂದೊಂದರಲ್ಲಿ ಸುಮಾರು 500 ಫೈಲು ತುಂಬಿಸುತ್ತದೆ. ಫೈಲಿನ ಹೆಸರು ‘ಎಫ್’ ಅಕ್ಷರದ ಮುಂದೆ ಒಂದು ಉದ್ದ ಅಂಕಿ, ಅಷ್ಟೇ. ಒಂದೇ ಫೈಲು ಡಿಸ್ಕಿನಲ್ಲಿ ಎರಡು ಮೂರು ಕಡೆ ತುಂಡಾಗಿ ಬಿದ್ದಿದ್ದರೆ ಅರ್ಧ ಮಾತ್ರ ಬರಬಹುದು. ಸಣ್ಣ ಫೈಲುಗಳು ಹೀಗೆ ತುಂಡಾಗುವುದು ಅಪರೂಪ. ಅಜ್ಜಿಯ ಮಾತು ಸಣ್ಣ ಸಣ್ಣ ಫೈಲುಗಳಲ್ಲಿದ್ದದ್ದು ನಮ್ಮ ಪುಣ್ಯ.

ರಾತ್ರಿಯಿಡೀ ಓಡಿಸಿದೆವು. ಬೆಳಿಗ್ಗೆ ನೋಡಿದರೆ ಮೂವತ್ತಕ್ಕಿಂತ ಹೆಚ್ಚು ಫೋಲ್ಡರುಗಳು. ಫೋಟೋಗಳದ್ದು ಸುಲಭವಾಯಿತು. ಕ್ಯಾಮರಾ ಪ್ರತಿ ಫೋಟೋದ ಒಳಗೇ ತೆಗೆದ ದಿನಾಂಕ ಬರೆದಿಟ್ಟಿರುತ್ತದೆ, ಅದರ ಮೇಲೆ ತಮ್ಮ ವರ್ಷವಾರು ವಿಂಗಡಿಸಿದ. ಮನೆಯ ಕಾಗದಪತ್ರದ ಸ್ಕ್ಯಾನುಗಳೂ ಸಿಕ್ಕಿದವು. ಧ್ವನಿಗೆ ಮಾತ್ರ ದಿನಾಂಕವೂ ಇಲ್ಲ, ಹೆಸರೂ ಇಲ್ಲ. ಯಂತ್ರ ಮಾಡಬಹುದಾದ ಕೆಲಸ ಅಲ್ಲಿಗೆ ಮುಗಿಯಿತು.

ಉಮ್ಮನ ನೋಟುಪುಸ್ತಕ

ಇನ್ನು ಕೇಳಿ ಕೇಳಿಯೇ ಗುರುತಿಸಬೇಕು. ಕೇಳಿದರೆ ಸಾಲದು, ಅದು ಬ್ಯಾರಿ ಮಾತು, ಅದರಲ್ಲಿಯೂ ಅಜ್ಜಿಯ ಕಾಲದ ಬ್ಯಾರಿ. ತಮ್ಮನಿಗೆ ಅರ್ಧ ಅರ್ಥವಾಗುವುದಿಲ್ಲ, ಮಕ್ಕಳಿಗೆ ಕಾಲು ಭಾಗವೂ ಇಲ್ಲ. ಮನೆಯಲ್ಲಿ ಆ ಕೆಲಸಕ್ಕೆ ಒಬ್ಬರೇ, ಉಮ್ಮ.

ರಾತ್ರಿ ಅಂಗಡಿ ಮುಚ್ಚಿದ ಮೇಲೆ ಎಲ್ಲರೂ ಕೂರುತ್ತಿದ್ದೆವು. ತಮ್ಮ ಒಂದೊಂದೇ ಫೈಲು ಹಾಕುವುದು, ಉಮ್ಮ ಕೇಳಿ ಇದು ಇಂಥದ್ದು ಅನ್ನುವುದು, ತಂಗಿ ನೋಟುಪುಸ್ತಕದಲ್ಲಿ ಅಂಕಿ ಮತ್ತು ಹೆಸರು ಬರೆಯುವುದು. ಬ್ಯಾರಿ ಮಾತನ್ನು ಕನ್ನಡ ಅಕ್ಷರದಲ್ಲಿಯೇ ಬರೆದುಕೊಂಡೆವು. ಮೊದಲ ದಿನ ಸಿಕ್ಕಿದ್ದು ಮೀನಿನವನ ಜೊತೆ ಅಜ್ಜಿ ಮಾಡಿದ ಚೌಕಾಸಿ. ಯಾರೋ ಮೊಬೈಲ್ ಆರಿಸಲು ಮರೆತದ್ದು. ಹಿಂದೆ ಕೋಳಿ ಕೂಗುವುದೂ ಕೇಳುತ್ತಿತ್ತು. ಉಮ್ಮ ನಕ್ಕದ್ದು ನಕ್ಕದ್ದೇ, ಆಮೇಲೆ ಒಳಗೆ ಎದ್ದು ಹೋದರು. ಸ್ವಲ್ಪ ಹೊತ್ತಿನ ಮೇಲೆ ಬಂದು, “ಹಾಂ, ಮುಂದಿನದ್ದು ಹಾಕು,” ಅಂದರು.

ಪತ್ತಿರಿನ ಲೆಕ್ಕ ನಾಲ್ಕನೆಯ ದಿನ ಸಿಕ್ಕಿತು. ಮಕ್ಕಳು, ಇದೇನು, ಅದೇನು ಎಂದು ಪ್ರತಿ ಎರಡನೆಯ ಶಬ್ದಕ್ಕೆ ಕೇಳತೊಡಗಿದರು. ಹಾರ್ಡ್ ಡಿಸ್ಕಿನಲ್ಲಿ ಸುಖವಾಗಿದ್ದಷ್ಟು ಕಾಲ ಯಾರೂ ಅವುಗಳನ್ನು ತೆಗೆದು ಕೇಳಿರಲಿಲ್ಲ ಎಂಬುದೂ ಸತ್ಯವೇ. ಬ್ಯಾರಿ ಭಾಷೆಗೆ 2009ರಲ್ಲಿ ಸರಕಾರದ ಸಾಹಿತ್ಯ ಅಕಾಡೆಮಿ ಬಂತು. 2012ರಲ್ಲಿ ‘ಬ್ಯಾರಿ’ ಚಿತ್ರಕ್ಕೆ, ಮರಾಠಿಯ ‘ದೇವೂಳ್’ ಜೊತೆ ಹಂಚಿಕೊಂಡು, ದೇಶದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿಯೂ ಬಂತು. ಅವೆಲ್ಲ ಹೆಮ್ಮೆಯ ಸಂಗತಿಗಳು. ಆದರೆ ಘಟ್ಟದ ಮೇಲಿನ ಒಂಟಿ ಮನೆಯಲ್ಲಿ ಭಾಷೆ ಉಳಿಯುವುದು ಹೀಗೆ ಯಾರಾದರೂ ಕೂತು ಕೇಳಿದರೆ ಮಾತ್ರ.

ಎಲ್ಲವೂ ಸಿಕ್ಕಿತು ಎಂದು ಬರೆದರೆ ಸುಳ್ಳಾದೀತು. ಮನೆಯ ಮೊದಲ ಮರಿಮಗುವನ್ನು ತೊಟ್ಟಿಲಿಗೆ ಹಾಕಿದ ದಿನ ಅಜ್ಜಿ ಒಂದು ಲಾಲಿ ಹೇಳಿದ್ದರು. ಅವರ ಉಮ್ಮನಿಂದ ಕಲಿತದ್ದಂತೆ. ಹೇಳಿಸಿ ಹಿಡಿದದ್ದು ಅದೊಂದೇ ಸಲ. ಮೂವತ್ತು ಚಿಲ್ಲರೆ ಫೋಲ್ಡರುಗಳನ್ನು ಎರಡೆರಡು ಸಲ ಕೇಳಿದೆವು. ಎಲ್ಲಿಯೂ ಇಲ್ಲ. ಸಿನಿಮಾ ಕೂತ ಜಾಗದಲ್ಲಿ ಅದಿತ್ತು ಅಂತ ಕಾಣುತ್ತದೆ.

ಉಮ್ಮನಿಗೆ ಎರಡು ಸಾಲು ನೆನಪಿತ್ತು, ಮುಂದಿನದ್ದು ಬರಲಿಲ್ಲ. ಈ ಸಂಗತಿ ದಮಾಮಿಗೆ ತಿಳಿದಾಗ ಅಲ್ಲಿಂದ ಮಾಮನ ಸೊಸೆ ತನ್ನ ಹಳೇ ಮೊಬೈಲನ್ನು ಹುಡುಕಿದಳು. ಅವಳ ಮಗು ಅಳುತ್ತದೆ ಎಂದು ಯಾವಾಗಲೋ ನಾವೇ ಅದರ ಒಂದು ತುಂಡನ್ನು ವಾಟ್ಸ್‌ಆ್ಯಪ್ ಮಾಡಿದ್ದೆವಂತೆ. ನಮಗೆ ಮರೆತೇ ಹೋಗಿತ್ತು. ನಲುವತ್ತು ಸೆಕೆಂಡು. ಲಾಲಿಯ ಮಧ್ಯದಲ್ಲಿ ಶುರುವಾಗಿ ಕೊನೆಗೆ ಮೊದಲೇ ನಿಲ್ಲುತ್ತದೆ. ಈಗ ನಮ್ಮಲ್ಲಿರುವುದು ಉಮ್ಮನ ನೆನಪಿನ ಎರಡು ಸಾಲು ಮತ್ತು ಆ ನಲುವತ್ತು ಸೆಕೆಂಡು.

ದೊಡ್ಡವರಿಗೂ ಆದದ್ದು

ನಮ್ಮ ಹುಡುಗನ ತಪ್ಪು ಹಳ್ಳಿಯ ಹುಡುಗನ ತಪ್ಪೇನಲ್ಲ. 2006ರಲ್ಲಿ ಅಮೆರಿಕದ ಅಲಾಸ್ಕ ರಾಜ್ಯದ ಕಂದಾಯ ಇಲಾಖೆಯಲ್ಲಿ ತಂತ್ರಜ್ಞರೊಬ್ಬರು ಡಿಸ್ಕನ್ನು ತಪ್ಪಿ ಫಾರ್ಮಾಟ್ ಮಾಡಿದರು. ಅದರ ಬ್ಯಾಕಪ್ ಡಿಸ್ಕನ್ನೂ ಫಾರ್ಮಾಟ್ ಮಾಡಿಬಿಟ್ಟರು. ಮೂರನೆಯದಾಗಿ ಇದ್ದ ಟೇಪುಗಳನ್ನು ತೆಗೆದರೆ ಅವನ್ನು ಓದಲಾಗಲಿಲ್ಲ. ಜನರಿಗೆ ಹಣ ಹಂಚುವ ಸರಕಾರಿ ನಿಧಿಯ ಅರ್ಜಿಗಳು, ಸುಮಾರು 8 ಲಕ್ಷ ಸ್ಕ್ಯಾನ್ ಚಿತ್ರಗಳು ಹೋದವು. ಕೊನೆಗೆ ಕಾಪಾಡಿದ್ದು 300ಕ್ಕೂ ಹೆಚ್ಚು ರಟ್ಟಿನ ಪೆಟ್ಟಿಗೆಗಳಲ್ಲಿ ಇನ್ನೂ ಎಸೆಯದೆ ಇದ್ದ ಕಾಗದಗಳು. ಎಲ್ಲವನ್ನೂ ಮತ್ತೆ ಸ್ಕ್ಯಾನ್ ಮಾಡಲು 2 ಲಕ್ಷ ಡಾಲರಿಗಿಂತ ಹೆಚ್ಚು ಖರ್ಚಾಯಿತು.

1998ರಲ್ಲಿ ಪಿಕ್ಸಾರ್ ಕಂಪೆನಿಯವರು ‘ಟಾಯ್ ಸ್ಟೋರಿ 2’ ಚಿತ್ರ ಮಾಡುತ್ತಿದ್ದಾಗ ಯಾರೋ ಕೊಟ್ಟ ಒಂದು ಆಜ್ಞೆಯಿಂದ ಚಿತ್ರದ ಬಹುಭಾಗ ಕಣ್ಣೆದುರೇ ಅಳಿಯಿತು. ಬ್ಯಾಕಪ್ ನೋಡಿದರೆ ಅದೂ ಕೆಟ್ಟಿತ್ತು. ಎಳೆ ಮಗುವಿದ್ದ ಕಾರಣಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಎಂಬ ತಾಯಿಯ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಜೋಪಾನವಾಗಿ ಆಫೀಸಿಗೆ ತಂದರಂತೆ. ದಮಾಮಿನ ಮೊಬೈಲಿನಲ್ಲಿದ್ದ ನಲುವತ್ತು ಸೆಕೆಂಡಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಏನಿದೆ? ಇನ್ನೊಂದು ಮನೆಯಲ್ಲಿ ಇದ್ದದ್ದು ಉಳಿಯಿತು.

ನಿಮ್ಮ ಮನೆಯಲ್ಲಿ ಹೀಗಾದರೆ

ಮೊದಲನೆಯದು, ಕೈ ನಿಲ್ಲಿಸಿ. ‘ಈ ಡಿಸ್ಕನ್ನು ಫಾರ್ಮಾಟ್ ಮಾಡಬೇಕೇ’ ಎಂದು ವಿಂಡೋಸ್ ಕೇಳಿದರೆ ಬೇಡ ಅನ್ನಿ. ವಯರ್ ಕಿತ್ತು ಬದಿಗಿಡಿ. ಪಾರ್ಟಿಶನ್ ಮಾತ್ರ ಅಳಿದಿದ್ದರೆ, ಬೇರೆ ಏನನ್ನೂ ಬರೆಯದಿದ್ದರೆ, ಎಲ್ಲವೂ ಹೆಸರು ಸಮೇತ ಸಿಗುವ ಸಾಧ್ಯತೆ ತುಂಬ ಹೆಚ್ಚು.

ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ, ಅಥವಾ ಕೆಳಗೆ ಬಿದ್ದ ಡಿಸ್ಕಾದರೆ, ಯಾವ ತಂತ್ರಾಂಶವನ್ನೂ ಓಡಿಸಬೇಡಿ. ಅದು ಒಳಗಿನ ಯಂತ್ರದ ಕಾಯಿಲೆ. ಓಡಿಸಿದಷ್ಟೂ ಒಳಗಿನ ತಟ್ಟೆ ಗೀರಿಹೋಗುತ್ತದೆ. ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಿ ನೋಡುವ ಪರಿಣತರ ಕೆಲಸ ಅದು, ಮನೆಯ ಸ್ಕ್ರೂಡ್ರೈವರಿನದ್ದಲ್ಲ.

ಎಸ್‌ಎಸ್‌ಡಿ ಆದರೆ ಆಸೆ ಕಡಿಮೆ ಇಟ್ಟುಕೊಳ್ಳಿ. ಅದರಲ್ಲಿ ‘ಟ್ರಿಮ್’ ಎಂಬ ವ್ಯವಸ್ಥೆ ಉಂಟು. ಅಳಿಸಿದ ಜಾಗವನ್ನು ಅದು ತಾನಾಗಿಯೇ ತೊಳೆದಿಡುತ್ತದೆ. ಹಳೇ ತಿರುಗುವ ಡಿಸ್ಕಿನಲ್ಲಿ ಬದುಕಿದ್ದು ಅದರಲ್ಲಿ ಬದುಕುತ್ತದೆ ಎಂದು ಹೇಳಲಾಗದು. ಬಿಟ್‌ಲಾಕರ್ ಬೀಗ ಹಾಕಿದ ಡಿಸ್ಕಾದರೆ 48 ಅಂಕಿಯ ಕೀಲಿ ಬೇಕು. ಆ ಅಂಕಿಯನ್ನು ಕಾಗದದಲ್ಲಿ ಬರೆದು ಮನೆಪತ್ರದ ಜೊತೆ ಇಡಿ.

ಅಂಗಡಿಗೆ ಕೊಡುವುದಾದರೆ ಮೊದಲು ನಕಲು ತೆಗೆದು ನಕಲಿನ ಮೇಲೆ ಕೆಲಸ ಮಾಡ್ತೀರಾ ಎಂದು ಕೇಳಿ. ಸಿಕ್ಕಿದರೆ ಎಷ್ಟು, ಸಿಗದಿದ್ದರೆ ಎಷ್ಟು ಎಂದು ಬರೆಸಿಕೊಳ್ಳಿ. ಸಾಧ್ಯವಾದರೆ ಪಕ್ಕದಲ್ಲೇ ಕೂರಿ. ಪುಕ್ಕಟೆ ಸಿಗುತ್ತದೆಂದು ಕದ್ದ ತಂತ್ರಾಂಶ ಇಳಿಸಬೇಡಿ, ಅದರ ಜೊತೆ ವೈರಸ್ ಬಂದರೆ ಉಳಿದದ್ದೂ ಹೋಗುತ್ತದೆ.

ವಿಂಡೋಸ್ ಹಾಕುವ ದಿನ, ಕಂಪ್ಯೂಟರಿಗೆ ಅಂಟಿದ ಬೇರೆ ಎಲ್ಲ ಡಿಸ್ಕ್, ಪೆನ್‌ಡ್ರೈವುಗಳನ್ನು ಕಿತ್ತಿಡಿ. ಇಷ್ಟು ಮಾಡಿದ್ದರೆ ನಮಗೆ ಇಷ್ಟು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಕೊನೆಯದು, ಮೂರು ಪ್ರತಿ. ಪೀಟರ್ ಕ್ರೋಗ್ ಎಂಬ ಫೋಟೋಗ್ರಾಫರ್ ಜನಪ್ರಿಯಗೊಳಿಸಿದ ಲೆಕ್ಕ ಇದು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯಿಂದ ಹೊರಗೆ. ನಮ್ಮ ಮನೆಗಳಿಗೆ ಈ ಹೊರಗಿನ ಪ್ರತಿ ಕಷ್ಟವೇ ಅಲ್ಲ. ಯಾರ ಮನೆಯವರು ಮಂಗಳೂರಿನಲ್ಲಿಲ್ಲ, ಗಲ್ಫಿನಲ್ಲಿಲ್ಲ ಹೇಳಿ? ಊರಿಗೆ ಹೋಗುವವರ ಕೈಯಲ್ಲಿ ಹಲಸಿನ ಹಪ್ಪಳದ ಜೊತೆ ಒಂದು ಡಿಸ್ಕನ್ನೂ ಕಳಿಸಿ.

ನಮ್ಮಲ್ಲಿ ಈಗ ಒಂದು ಪ್ರತಿ ಹೋಳೂರಿನಲ್ಲಿ, ಒಂದು ಊರಿನ ಮಾಮನ ಮನೆಯಲ್ಲಿ, ಒಂದು ದಮಾಮಿನಲ್ಲಿ ಇದೆ. ಪ್ರತಿ ತಿಂಗಳು ತೆಗೆದು ಓಡುತ್ತದೆಯೋ ಎಂದು ನೋಡುವ ಕೆಲಸ ತಮ್ಮನದು, ಉಮ್ಮನೇ ಅವನಿಗೆ ವಹಿಸಿದ್ದು. ಡಿಸ್ಕುಗಳ ಮೇಲೆ ಅವನು ಬಿಳಿ ಟೇಪು ಅಂಟಿಸಿ ದೊಡ್ಡದಾಗಿ ‘ಅಜ್ಜಿ’ ಎಂದು ಬರೆದಿದ್ದಾನೆ. ಇನ್ನು ಯಾವ ಪಟ್ಟಿಯಲ್ಲಿಯೂ ತಪ್ಪು ಸಾಲು ಹಿಡಿಯುವುದಿಲ್ಲ ಅಂತ ಹೇಳ್ತಾನೆ.

ನಿಮ್ಮ ಮನೆಯಲ್ಲಿ ಹಿರಿಯರು ಇದ್ದರೆ ಈ ವಾರವೇ ಕೂರಿಸಿ ಮಾತಾಡಿಸಿ. ಲಾಲಿ ಗೊತ್ತಿದ್ದರೆ ಪೂರ್ತಿ ಹೇಳಿಸಿ, ಎರಡು ಸಲ ಹೇಳಿಸಿ. ಆಮೇಲೆ ಅದನ್ನು ಇನ್ನೊಂದು ಮನೆಗೆ ಕಳಿಸಲು ಮರೆಯಬೇಡಿ.